ಅಧ್ಯಕ್ಷರ ಭಾಷಣಕ್ಕೆ ಬೀಳುವ ಗುಂಡಿ

ಬೆಂಗಳೂರಿನ ನಮ್ಮ ಸಾರಕ್ಕಿಯಲ್ಲಿ ಸದ್ದಿಗೆ ಬರ ಇಲ್ಲ. ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ಹಾರನ್ನು, ಮಾರ್ಕೆಟ್ಟಿನಲ್ಲಿ ಸೊಪ್ಪಿನವರ ಕೂಗು, ತಲೆಯ ಮೇಲೆ ಮೆಟ್ರೊ. ಇಷ್ಟು ಸಾಲದು ಅಂತ ನಮ್ಮ ಬೀದಿಯ ಸಂಘ ಒಂದು ಹಳೇ ಆಂಪ್ಲಿಫೈಯರ್ ಇಟ್ಟುಕೊಂಡಿದೆ. ಗಣೇಶನ ಹಬ್ಬಕ್ಕೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಅಟ್ಟದಿಂದ ಇಳಿಯುತ್ತದೆ. ಇಳಿಸಿದವರು ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡುತ್ತಾರೆ.

ಅದರ ಬೆನ್ನಿನಲ್ಲಿ ಕಡಲೇಬೀಜದ ಗಾತ್ರದ ಕರೀ ಗುಂಡಿಯೊಂದಿದೆ. ಸರ್ಕ್ಯೂಟ್ ಬ್ರೇಕರ್ ಅಂದರೆ ಅದೇ. ಕರೆಂಟು ಮಿತಿ ಮೀರಿದರೆ ಟಪ್ ಅಂತ ಹೊರಗೆ ಬರುತ್ತದೆ (ನಮ್ಮ ಭಾಷೆಯಲ್ಲಿ 'ಬೀಳುತ್ತದೆ'), ಒತ್ತಿದರೆ ಒಳಗೆ ಹೋಗುತ್ತದೆ. ಈ ಸಲದ ಗಣೇಶನಿಗೆ ಅದು ಹಾಡಿಗೆ ಬೀಳಲಿಲ್ಲ, ಮಂಗಳಾರತಿಗೆ ಬೀಳಲಿಲ್ಲ. ಅಧ್ಯಕ್ಷರು ಮೈಕ್ ಹಿಡಿದು "ವೇದಿಕೆಯ ಮೇಲೆ ಆಸೀನರಾಗಿರುವ..." ಅಂದರು, ಟಪ್. ಪಕ್ಕದಲ್ಲಿದ್ದ ಹುಡುಗ ಗುಂಡಿ ಒತ್ತಿದ. "ಆಸೀನರಾಗಿರುವ..." ಮತ್ತೆ ಟಪ್. ಮೂರನೇ ಸಲಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಆಗ ಗಂಟೆ ಹತ್ತೂವರೆ. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಕೂಡದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಮ್ಮ ಬೀದಿಯಲ್ಲಿ ಅದನ್ನು ಓದಿಕೊಂಡಿರೋದು ಆ ಗುಂಡಿ ಒಂದೇ ಅಂತ ನನ್ನ ಗುಮಾನಿ.

ಮಾರನೇ ದಿನ ಕಟ್ಟೆ ಮೇಲೆ ಸಭೆ. ಕರೆಂಟಿನ ವಿಷಯ ಬಂದರೆ ನಮ್ಮಲ್ಲಿ ಎಂಜಿನಿಯರಲ್ಲದವರು ಯಾರೂ ಇಲ್ಲ. "ಎರಡು ವೈರ್ ಕೂಡಿಸಿ ಟೇಪ್ ಸುತ್ತಿ ಸಾರ್, ಬ್ರೇಕರ್ರೇ ಬೇಡ" ಅಂದರು ಒಬ್ಬರು. "ಐದು ಆಂಪಿಯರ್ ಇದ್ರೆ ತಾನೇ ಬೀಳೋದು? ಹದಿನೈದರದ್ದು ಹಾಕ್ಸಿ, ಹೆಂಗೆ ಬೀಳತ್ತೆ ನೋಡ್ತೀನಿ" ಅಂತ ಇನ್ನೊಬ್ಬರು. ರಾತ್ರಿ ಬೊಗಳುತ್ತದೆ ಅಂತ ನಾಯಿಯನ್ನು ಮಾರಿ, ಕಳ್ಳನಿಗೆ ಬಾಗಿಲು ತೆಗೆಯೋ ಉಪಾಯ.

ಕೊನೆಗೆ ಅದನ್ನು ರಿಪೇರಿಯವರ ಹತ್ತಿರ ಹೊತ್ತೊಯ್ದೆವು. ವಾಲ್ವ್ ರೇಡಿಯೋ ಕಾಲದಿಂದ ಬೆಸುಗೆ ಹೊಗೆ ಕುಡಿದವರು. ಗುಂಡಿಯನ್ನು ಮುಟ್ಟಲೇ ಇಲ್ಲ. ಗೋಡೆಯ ನೂರು ವಾಟಿನ ಸೀರೀಸ್ ಬಲ್ಬಿಗೆ ಆಂಪ್ಲಿಫೈಯರ್ ಸಿಕ್ಕಿಸಿದರು. ಬಲ್ಬು ಝಗ್ಗನೆ ಹತ್ತಿ, ಹಾಗೇ ಮಂಕಾಯಿತು.

"ಉರೀತಾನೇ ಇದ್ದಿದ್ರೆ ಒಳಗೆ ಟ್ರಾನ್ಸಿಸ್ಟರೋ ಡಯೋಡೋ ಶಾರ್ಟ್. ಮಂಕಾಯ್ತಲ್ಲ, ಒಳಗೆಲ್ಲ ಕ್ಷೇಮ."

ಮೊದಲಿನ ಆ ಝಗ್, ಖಾಲಿ ಕೆಪಾಸಿಟರುಗಳೂ ದೊಡ್ಡ ಟ್ರಾನ್ಸ್‌ಫಾರ್ಮರೂ ಸ್ವಿಚ್ ಹಾಕಿದ ಕ್ಷಣ ಎಳೆಯುವ ಕರೆಂಟಂತೆ. ಮದುವೆಮನೆಯ ಮೊದಲ ಪಂಕ್ತಿಯ ನುಗ್ಗಾಟ ಅನ್ನಿ.

ಬ್ರೇಕರಿನೊಳಗೆ ಇರೋದು ಎರಡು ಲೋಹ ಬೆಸೆದ ಪಟ್ಟಿ. ಬಿಸಿಯಾದರೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗಿ ಕರೆಂಟು ಕಡಿಯುತ್ತದೆ. ವರ್ಷಗಟ್ಟಲೆ ಬಿದ್ದೂ ಎದ್ದೂ ನಮ್ಮದರ ಪಾಯಿಂಟುಗಳು ಸುಟ್ಟು ಕರಕಲಾಗಿದ್ದವಂತೆ. ಅದಕ್ಕೇ ಪಟ್ಟಿ ಮಾಮೂಲಿ ಕರೆಂಟಿಗೂ ಕಾಯುತ್ತಿತ್ತು.

"ಸರಿ, ಭಾಷಣಕ್ಕೇ ಯಾಕೆ?"

"ಹಾಡಿಗಿಂತ ಭಾಷಣಕ್ಕೆ ಕರೆಂಟ್ ಕಮ್ಮಿ ಸಾರ್. ಭಾಷಣಕ್ಕೆ ಮುಂಚೆ ಏನಾಯ್ತು ಹೇಳಿ."

ಸನ್ಮಾನ ಆಗಿತ್ತು. ಅಧ್ಯಕ್ಷರು ಸೆಕೆ ಅಂತ ಶಾಲು ತೆಗೆದು ಪಕ್ಕದ ಆಂಪ್ಲಿಫೈಯರ್ ಮೇಲೆ ಹಾಸಿದ್ದರು, ಗಾಳಿಕಿಂಡಿ ಪೂರ್ತಿ ಮುಚ್ಚುವ ಹಾಗೆ. ಅದರ ಮೇಲೆ ಹಾರ, ಹಾರದ ಮೇಲೆ ಮೈಸೂರು ಪೇಟ. ಅಷ್ಟು ಗೌರವ ಆ ವಯಸ್ಸಿನ ಬ್ರೇಕರ್ ತಡೆದೀತೇ?

ಹೊಸ ಗುಂಡಿ ತರೋಕೆ ಜಯಪ್ರಕಾಶ ನಗರದಲ್ಲಿ ಮೆಟ್ರೊ ಹತ್ತಿ, ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗೆ ನಡೆದೆ. ಅಂಗಡಿಯ ಹುಡುಗ ಮೊದಲು ಕೊಟ್ಟಿದ್ದು ಕಾರಿನದು, 32 ವೋಲ್ಟ್ ಡಿಸಿ. ನೋಡೋಕೆ ಅವಳಿ ಜವಳಿ, ಆಂಪಿಯರ್ ಕೂಡ ಅದೇ. ರಿಪೇರಿಯವರು ಚೀಟಿಯಲ್ಲಿ 250 ವೋಲ್ಟ್ ಎಸಿ ಅಂತ ಬರೆದು ಎರಡು ಗೆರೆ ಎಳೆಯದೇ ಇದ್ದಿದ್ದರೆ ನಾನು ಅದನ್ನೇ ತರುತ್ತಿದ್ದೆ.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತದಂತೆ. ರಿಪೇರಿಯವರು ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ ಆಮೇಲೆ ಕೈಯಿಟ್ಟರು. ಎರಡು ಬೆಸುಗೆ, ಒಂದು ನಟ್ಟು. ಹತ್ತು ನಿಮಿಷದ ಕೆಲಸ.

ಈಗ ಗುಂಡಿ ಬೀಳುವುದಿಲ್ಲ. ನವೆಂಬರ್ 1ಕ್ಕೆ ಭಾಷಣ ಪೂರ್ತಿ ಇರುತ್ತದೆ ಅಂತ ಅಧ್ಯಕ್ಷರು ಹೇಳಿ ಕಳಿಸಿದ್ದಾರೆ. ನೀವೂ ಬನ್ನಿ. ಬರುವಾಗ ಒಂದು ದಪ್ಪ ಶಾಲು ತನ್ನಿ. ಯಾರಿಗೆ ಹೊದಿಸಬೇಕು ಅಂತ ಆಗ ಹೇಳುತ್ತೇನೆ.