ಮನಸ್ಸು ಗಟ್ಟಿ ಮಾಡ್ಕೊಳ್ಳಿ ಸಾರ್

ಮೆಟಬಾಲಿಕ್ ಸಿಂಡ್ರೋಮ್ ಬಹಳ ಸಭ್ಯ ಕಾಯಿಲೆ. ನೋಯಿಸುವುದಿಲ್ಲ, ಕೆಮ್ಮಿಸುವುದಿಲ್ಲ, ಆಫೀಸಿಗೆ ರಜೆ ಹಾಕಲು ನೆಪವನ್ನೂ ಕೊಡುವುದಿಲ್ಲ. ಸೊಂಟ, ಬಿಪಿ, ಶುಗರ್, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್, ಈ ಐದರಲ್ಲಿ ಮೂರು ಹದ ತಪ್ಪಿದರೆ ನೀವು ಪಾಸು. ಸೊಂಟದ ಗಡಿ ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ‘ನಂದು ಮದುವೆಯಾದಾಗಿನಿಂದ 34ರ ಪ್ಯಾಂಟೇ’ ಎಂದು ವಾದಿಸುವವರಿದ್ದಾರೆ. ನಿಜವೇ. ಪ್ಯಾಂಟು ಅದೇ, ಬೆಲ್ಟು ಮಾತ್ರ ವರ್ಷಕ್ಕಿಷ್ಟು ಹೊಟ್ಟೆಯ ಕೆಳಕ್ಕೆ ಜಾರಿದೆ.

ಪರಿಹಾರ ಎಲ್ಲರಿಗೂ ಗೊತ್ತು: ಕಡಿಮೆ ತಿನ್ನಿ, ಜಾಸ್ತಿ ನಡೆಯಿರಿ. ಆಗಲಿಲ್ಲವೆಂದರೆ ನಿಮ್ಮ ಮನಸ್ಸು ಗಟ್ಟಿಯಿಲ್ಲ. ತೂಕ ಇಳಿಸಿದವರಲ್ಲಿ ಹಸಿವೆ ಕೆರಳಿಸುವ ಘ್ರೆಲಿನ್ ಏರಿ, ‘ಸಾಕು’ ಎನ್ನಿಸುವ ಲೆಪ್ಟಿನ್ ಇಳಿಯುತ್ತದೆ, ವರ್ಷ ಕಳೆದರೂ ದೇಹ ಆ ಹಟ ಬಿಡುವುದಿಲ್ಲ ಎಂದೆಲ್ಲ ವಿಜ್ಞಾನ ಹೇಳುತ್ತದೆ. ವಿಜ್ಞಾನಕ್ಕೇನು, ಸಬೂಬು ಹೇಳುತ್ತಲೇ ಇರುತ್ತದೆ.

ಸಲಹೆ ಕೊಡುವವರೆಲ್ಲ 2002ರ ಅಮೆರಿಕದ ಅಧ್ಯಯನವೊಂದನ್ನು ತೋರಿಸುತ್ತಾರೆ. ಡಯಾಬಿಟಿಸ್‌ನ ಹೊಸ್ತಿಲಲ್ಲಿದ್ದವರು ತಮ್ಮ ತೂಕದಲ್ಲಿ ಶೇ. 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ಮೈ ದಂಡಿಸುವ ಗುರಿ ಇಟ್ಟುಕೊಂಡರು. ಕಾಯಿಲೆಗೆ ದಾಟುವ ಅಪಾಯ ಶೇ. 58ರಷ್ಟು ತಗ್ಗಿತು. ಭೇಷ್! ಅವರಿಗೆ ತಲಾ ಒಬ್ಬ ತರಬೇತುದಾರರಿದ್ದರು, ಎದುರು ಕೂರಿಸಿಕೊಂಡು 16 ಪಾಠ ಹೇಳಿದ್ದರು ಎಂಬುದನ್ನು ಮಾತ್ರ ಸಲಹೆಗಾರರು ನುಂಗಿಕೊಳ್ಳುತ್ತಾರೆ. ನಮಗೆ ಸಿಗುವುದು ಒಂದು ಜೆರಾಕ್ಸು. ಜೆರಾಕ್ಸಿನ ಜೆರಾಕ್ಸು, ಅಂಚಿನ ಅಕ್ಷರ ಅರ್ಧ ಮಾಸಿರುತ್ತದೆ, ತಳದಲ್ಲಿ ಮಾತ್ರೆ ಕಂಪನಿಯ ಮುದ್ರೆ. ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ಸೇಬು, ರಾತ್ರಿ ಸೂಪು. ಮುದ್ದೆ, ಅನ್ನ, ಸಾರು ಎಂಬ ಪದಾರ್ಥಗಳಿರುವ ಸುಳಿವೇ ಅದರಲ್ಲಿಲ್ಲ. ಅದನ್ನು ಮನೆಗೆ ತಂದು ಫ್ರಿಜ್ಜಿಗೆ ಅಂಟಿಸುತ್ತೇವೆ, ಸ್ವೀಟ್ ಅಂಗಡಿಯವರು ದೀಪಾವಳಿಗೆ ಕೊಟ್ಟ ಮ್ಯಾಗ್ನೆಟ್ಟಿನಿಂದ.

ಯಜಮಾನರಿಗೆ ಪಥ್ಯವಾದರೆ ಮನೆಯಾಕೆ ಎರಡು ಅಡುಗೆ ಮಾಡುತ್ತಾಳೆ. ಪಥ್ಯ ಅವಳಿಗೇ ಬಂದರೆ? ಒಂದೇ ಅಡುಗೆ, ಎಲ್ಲರಿಗೂ ಬೇಕಾದದ್ದು. ಪಾತ್ರೆಯಲ್ಲಿ ಉಳಿದದ್ದು ಅವಳ ಡಯಟ್ಟು. ವಾಕಿಂಗಿಗೆ ಹೋಗೋಣವೆಂದರೆ ಬೆಳಿಗ್ಗೆ ಡಬ್ಬಿ ಕಟ್ಟಬೇಕು. ಸಂಜೆ ಪುರುಸೊತ್ತಾಗುವ ಹೊತ್ತಿಗೆ ಫುಟ್‌ಪಾತಿನ ಮೇಲೆ ಸ್ಕೂಟರು, ಟ್ರಾನ್ಸ್‌ಫಾರ್ಮರು, ಗೋಬಿ ಮಂಚೂರಿ ಗಾಡಿ. ನಡೆಯಲು ಜಾಗ ಸಿಗದಿದ್ದರೂ ಗೋಬಿ ಸಿಗುತ್ತದೆ.

ಮೂರು ತಿಂಗಳಿಗೆ ಮತ್ತೆ ಹಾಜರಿ.

‘ವಾಕಿಂಗ್ ಮಾಡ್ತಿದೀರಾ?’

‘ಮಾಡ್ತಿದೀನಿ ಸಾರ್.’

‘ಡಯಟ್ಟು?’

‘ಪೂರ್ತಿ ಕಂಟ್ರೋಲು.’

‘ವೆರಿ ಗುಡ್’ ಎನ್ನುತ್ತಲೇ ಡಾಕ್ಟರು ರಿಪೋರ್ಟಿನಿಂದ ತಲೆಯೆತ್ತದೆ 5 ಎಂಜಿ ಮಾತ್ರೆಯನ್ನು 10 ಮಾಡುತ್ತಾರೆ.