ಶ್ರೀ ಕನೆಕ್ಷನ್ ಅವರಿಗೆ ಅಭಿನಂದನಾ ನುಡಿ

ವೇದಿಕೆಯಲ್ಲಿರುವ ಗಣ್ಯರೇ, ವೇದಿಕೆಗೆ ಕರೆಯಲಿಲ್ಲವೆಂದು ಮುನಿಸಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತ ಇನ್ನಷ್ಟು ಗಣ್ಯರೇ, ಪುತ್ತೂರು, ಸುಳ್ಯ, ಕಡಬದಿಂದ ಬಂದ ಬಂಧುಗಳೇ,

ಸನ್ಮಾನದ ಕುರ್ಚಿ ಖಾಲಿ ಉಂಟೆಂದು ಗಾಬರಿಯಾಗಬೇಡಿ. ಅವರು ಬಂದಿದ್ದಾರೆ. ವೆಬ್ ಸರ್ವರಿನ ಅಪ್ಲಿಕೇಶನ್ನಿಗೂ ಡೇಟಾಬೇಸಿಗೂ ನಡುವೆ ಓಡಾಡುವ ಶ್ರೀ ಕನೆಕ್ಷನ್ ಅವರಿಗೆ ಮೈಯಿಲ್ಲ, ಅಷ್ಟೆ. ಶಾಲನ್ನು ಮಾನಿಟರಿಗೆ ಹೊದೆಸುವುದೆಂದು ಸಮಿತಿ ತೀರ್ಮಾನಿಸಿದೆ.

ಯಾವ ಕೌಂಟರಿನಲ್ಲಿ ಕೆಲಸ ನಿಂತರೂ ನಮಗೆ ಸಿಗುವ ಉತ್ತರ ಒಂದೇ: 'ಸರ್ವರ್ ಇಲ್ಲ'. ಸರ್ವರ್ ಪಾಪ ಎಷ್ಟೋ ಸಲ ಅಲ್ಲೇ ಇರುತ್ತದೆ ಮಾರಾಯ್ರೆ. ಡೇಟಾಬೇಸೂ ಇರುತ್ತದೆ. ಪಾಲಿನ ತಕರಾರಿನ ಅಣ್ಣತಮ್ಮಂದಿರ ಹಾಗೆ ಇಬ್ಬರ ನಡುವೆ ಮಾತು ನಿಂತಿರುತ್ತದೆ.

ಇವರನ್ನು ಕರೆಸುವುದು ಕಷ್ಟವಲ್ಲ. ಯಾವ ಯಂತ್ರ, ಯಾವ ಬಾಗಿಲು, ಅಂದರೆ ಪೋರ್ಟ್ (ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಆದರೆ 3306), ಯಾವ ಡೇಟಾಬೇಸ್, ಬಂದದ್ದು ಯಾರು, ಪಾಸ್‌ವರ್ಡ್ ಎಂತ. ಇಷ್ಟು ಹೇಳಿದರೆ ಬಂದರು. ಪಾಸ್‌ವರ್ಡನ್ನು ಕೋಡಿನೊಳಗೇ ಬರೆದಿಡುವುದೆಂದರೆ ಬೀಗ ಹಾಕಿ ಬೀಗದಕೈಯನ್ನು ಜಗಲಿ ಚಿಟ್ಟೆಯ ಮೇಲಿಟ್ಟು ಹೋದ ಹಾಗೆ. ನಾನೂ ಇಟ್ಟಿದ್ದೆ.

ಕಷ್ಟವಿರುವುದು ಬಂದವರನ್ನು ಕಳಿಸಿಕೊಡುವುದರಲ್ಲಿ. ಸುಳ್ಯದ ಕಡೆಯ ಅಡಿಕೆ ಅಂಗಡಿಯೊಂದಕ್ಕೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಅಡಿಕೆಯ ದರ್ಜೆಗಳಾದ ಪಟೋರಕ್ಕೊಂದು, ಉಳ್ಳಿಗೊಂದು, ಕರಿಗೋಟಿಗೊಂದು ಕನೆಕ್ಷನ್ ತೆರೆಯುತ್ತಿತ್ತು, ಮುಚ್ಚುತ್ತಿರಲಿಲ್ಲ. ಮೈಎಸ್‌ಕ್ಯೂಎಲ್ ನಾವು ಬದಲಿಸದಿದ್ದರೆ ಒಟ್ಟಿಗೆ 151 ಮಂದಿಯನ್ನಷ್ಟೇ ಒಳಗೆ ಬಿಡುತ್ತದೆ. ಹನ್ನೊಂದೂವರೆಗೆ ಅಂಗಳ ಭರ್ತಿ. ತಕ್ಕಡಿಯ ಮೇಲೆ ಗೋಣಿ, ಗೋಣಿಯ ಪಕ್ಕ ಕೃಷಿಕರು, ಪರದೆಯ ಮೇಲೆ ಕೆಂಪಕ್ಷರ. ಮರುದಿನ ಬೆಳಿಗ್ಗೆ ತನ್ನಿಂದ ತಾನೇ ಸರಿ! ಅಂಗಡಿಯವರು ಅದನ್ನು ನಾಗನ ಕೃಪೆ ಎಂದರು. ಸುಮ್ಮನೆ ಕೂತವರನ್ನು ಮೈಎಸ್‌ಕ್ಯೂಎಲ್ 28,800 ಸೆಕೆಂಡು, ಅಂದರೆ ಎಂಟು ಗಂಟೆ ನೋಡಿ ಹೊರಗೆ ಹಾಕುತ್ತದೆ. ರಾತ್ರಿ ಆದದ್ದು ಅಷ್ಟೇ. ನಾನು ಬಾಯಿ ಬಿಡಲಿಲ್ಲ. ನಾಗನಿಗೆ ತಂಬಿಲವೂ ಆಯಿತು.

ಪರಿಹಾರ ಹೊಳೆದದ್ದು ಸರ್ವೀಸ್ ಜೀಪಿನಲ್ಲಿ ನೇತಾಡಿಕೊಂಡು ಹೋಗುವಾಗ. ಒಬ್ಬೊಬ್ಬ ಪ್ರಯಾಣಿಕನಿಗೆ ಒಂದೊಂದು ಹೊಸ ಜೀಪು ಯಾರೂ ತರುವುದಿಲ್ಲ. ಇದ್ದ ಹತ್ತು ಜೀಪು ಜನರನ್ನಿಳಿಸಿ ಸ್ಟ್ಯಾಂಡಿಗೆ ವಾಪಸ್ ಬರುತ್ತವೆ. ಇದಕ್ಕೆ ಕನೆಕ್ಷನ್ ಪೂಲ್ ಎನ್ನುತ್ತಾರೆ. ನನ್ನದರಲ್ಲಿ ಜೀಪುಗಳು ಇಳಿದವನ ಅಂಗಳದಲ್ಲೇ ಡ್ರೈವರ್ ಸಮೇತ ನಿಂತಿದ್ದವು.

ಇನ್ನೊಂದು ಮಾತು. ಅದೇ ಅಂಗಡಿಯಲ್ಲಿ ಡಿ'ಸೋಜ ಎಂಬವರ ಬಿಲ್ಲು ಮಾತ್ರ ಆಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಅವರ ಹೆಸರಿನ ನಡುವೆ ಬರುವ ಆ ಸಣ್ಣ ಕೊಕ್ಕೆಯನ್ನು ಡೇಟಾಬೇಸು ಹೆಸರು ಅಲ್ಲಿಗೇ ಮುಗಿಯಿತೆಂದು ತಿಳಿಯುತ್ತಿತ್ತು. ಹೆಸರನ್ನು ಡೇಟಾಬೇಸಿಗೆ ಹೇಳುವ ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸಬಾರದು, ಬೇರೆಯಾಗಿ ಕೈಗೆ ಕೊಡಬೇಕು. ಅಂಟಿಸಿದರೆ ಡಿ'ಸೋಜರಿಗೆ ಬಿಲ್ಲಿಲ್ಲ, ಕಳ್ಳನಿಗೆ ಇಡೀ ಖಾತೆ.

ಕಡಬದವರು ಗಡಿಯಾರ ನೋಡುತ್ತಿದ್ದೀರಿ, ನಿಮ್ಮ ವಿಷಯಕ್ಕೇ ಬಂದೆ. ಕಡಬ ತಾಲೂಕಾದಾಗ ಸುಬ್ರಹ್ಮಣ್ಯ ಸುಳ್ಯದಿಂದ ಅತ್ತ ಹೋಯಿತು. ಐಬಿಎಂನ ಕಾಡ್ ಎಂಬವರು 1970ರಲ್ಲೇ ದಾರಿ ತೋರಿಸಿದಂತೆ ಊರುಗಳಿಗೆಂದೇ ಒಂದು ಕೋಷ್ಟಕ ಇಟ್ಟಿದ್ದರೆ ತಿದ್ದಬೇಕಾದದ್ದು ಒಂದು ಸಾಲು. ನಾನು ಪ್ರತಿ ಬಿಲ್ಲಿನಲ್ಲೂ 'ಸುಳ್ಯ' ಎಂದು ಬರೆದಿಟ್ಟಿದ್ದೆ.

ಹೊಟ್ಟೆ ಹಸಿದಿದೆ, ನಿಲ್ಲಿಸುತ್ತೇನೆ. ಶಾಲು ಹೊದೆಸಿ ಫೋಟೊ ಆದ ಕೂಡಲೇ ಸಮಿತಿಯವರು ಅದನ್ನು ತೆಗೆದು ಮಡಚಿ ಕೊಡಬೇಕು. ಮುಂದಿನ ಸನ್ಮಾನಕ್ಕೂ ಇದೇ ಶಾಲು.