ದೋಣಿಯ ಕೆಳಗಿನ ಬಂಡಿ

ಮಿನ್ನೆಸೋಟದಲ್ಲಿ ಹತ್ತು ಎಕರೆ ಮೀರಿದ ಕೆರೆಗಳೇ 11,842 ಇವೆಯಂತೆ. ಕಾರಿನ ನಂಬರ್ ಪ್ಲೇಟಿನ ಮೇಲೆ ಮಾತ್ರ ಸಂಕೋಚಪಟ್ಟು 10,000 ಎಂದು ಬರೆದುಕೊಳ್ಳುತ್ತಾರೆ. ಇಂಥ ಕಡೆ ಬೋಟಿಲ್ಲದವನನ್ನು ಜನ ಮರುಕದಿಂದ ನೋಡುತ್ತಾರೆ. ಹಾಗಾಗಿ ಮೀನು ಮುಟ್ಟದ ಮನೆಯವನಾದ ನಾನೂ ಒಂದು ಹಳೇ ಮೀನುದೋಣಿ ಕೊಂಡೆ. ಟ್ರೈಲರ್ ಪುಕ್ಕಟೆ ಬಂತು. ಕೊಟ್ಟವನ ಔದಾರ್ಯದ ಗುಟ್ಟು ಆಮೇಲೆ ತಿಳಿಯಿತು.

ಬೋಟಿಗೇನು, ಹಾಯಾಗಿ ತೇಲುತ್ತದೆ. ಕರ್ಮವೆಲ್ಲ ಟ್ರೈಲರಿನದು. ಹೆದ್ದಾರಿಯಲ್ಲಿ ಓಡಿ ಕಾದ ಚಕ್ರದ ಹಬ್ ಅನ್ನು ಸೀದಾ ತಣ್ಣೀರಿಗೆ ಇಳಿಸುತ್ತೇವೆ. ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ಕೆರೆಯ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸು ಬೆಳ್ಳಗಾಗುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ.

ಜಾಕ್ ಕೊಟ್ಟು ಚಕ್ರ ಬಿಚ್ಚಿದೆ. ಡಸ್ಟ್ ಕ್ಯಾಪ್, ಕಾಟರ್ ಪಿನ್, ನಟ್ಟು ಎಲ್ಲ ಸಲೀಸು. ಗ್ರೀಸು ತುಂಬಲು ಅಗ್ಗದ ಸಲಕರಣೆ ಸಿಗುತ್ತದೆ. ಆದರೆ ಬರಿಗೈಯ ಸುಖವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಎಡ ಅಂಗೈ ಮೇಲೆ ನೀಲಿ ಗ್ರೀಸಿನ ಗುಡ್ಡೆ ಹಾಕಿಕೊಂಡು, ಬೇರಿಂಗಿನ ಅಗಲದ ಬದಿಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಎಳೆಯಬೇಕು. ಮೊದಮೊದಲು ಏನೂ ಆಗುವುದಿಲ್ಲ. ಒತ್ತು. ಇನ್ನೂ ಒತ್ತು. ಆಗ, ಆಹಾ, ಆಚೆ ಬದಿಯ ರೋಲರುಗಳ ನಡುವಿನಿಂದ ನೀಲಿ ಎಳೆಗಳು ಒರಳಿನಿಂದ ಶ್ಯಾವಿಗೆ ಇಳಿದಂತೆ ಇಳಿಯುತ್ತವೆ! ತುಸು ತಿರುಗಿಸಿ ಮತ್ತೆ ಒತ್ತಿದರೆ ಮತ್ತೊಂದು ಸಾಲು. ಮೂಗು ತುರಿಸುತ್ತಿತ್ತು, ತುರಿಸಲಿ ಎಂದು ಬಿಟ್ಟೆ. ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್. ಮಗಳು ಫೋನನ್ನು ನನ್ನ ಮುಖದೆದುರು ಹಿಡಿದಳು.

"ಏನೋ ಅದು ಕೈಯಲ್ಲಿ, ನೀಲಿಯಾಗಿ?"

"ಗ್ರೀಸಮ್ಮ."

"ಅಲ್ಲಿ ಮೆಕ್ಯಾನಿಕ್ಕುಗಳಿಲ್ವೇನೋ? ಇದಕ್ಕಾ ನಿನ್ನ ಇಂಜಿನಿಯರಿಂಗ್ ಓದಿಸಿದ್ದು?"

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಸೇರಿದವನು ನಾನು. "ಓದಿದ್ದು ಈಗಲೇ ಕಣಮ್ಮ ಉಪಯೋಗಕ್ಕೆ ಬಂದಿದ್ದು" ಎಂದೆ. ಅಮ್ಮ ಮೊಮ್ಮಗಳ ಹತ್ತಿರ ಮಾತಿಗೆ ತೊಡಗಿದರು.

ಪಕ್ಕದ ಮನೆಯವನು ಕಾಫಿ ಲೋಟ ಹಿಡಿದು ಬಂದ. ತಾನು ವರ್ಷಗಟ್ಟಲೆ ಹಬ್ ಬಿಚ್ಚೇ ಇಲ್ಲ ಎಂದು ಬೀಗಿದ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೇರಿಂಗು ಸುಟ್ಟು ಕಳಚಿದ ಚಕ್ರ ಯಜಮಾನನ ಜೊತೆ ಉಳಿಯುವುದಿಲ್ಲ. ಎದುರಿನಿಂದ ಬರುವ ಯಾರದೋ ಕಾರನ್ನು ಹುಡುಕಿಕೊಂಡು ಹೋಗುತ್ತದೆ. ಆ ಕಾರಿನಲ್ಲಿ ಮಕ್ಕಳೂ ಇರುತ್ತಾರೆ. ಅವನು ಹೋಗುವವರೆಗೂ ನಾನು ತಲೆ ಎತ್ತಲಿಲ್ಲ.

ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು, ಸಡಿಲಿಸಿ, ಬೆರಳಲ್ಲಿ ತಿರುವಿ ಹೊಸ ಪಿನ್ ಹಾಕಿದೆ. ಇನ್ನು ದೀಪಗಳು. ಕಂದು ವೈರು ಹಿಂಬದಿಗೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ, ಬಿಳಿ ಗ್ರೌಂಡಿಗೆ. ದೀಪಕ್ಕೆ ಹುಚ್ಚು ಹಿಡಿದರೆ ಮೊದಲು ಬಿಳಿಯದನ್ನೇ ವಿಚಾರಿಸಬೇಕು. ಅದರ ತುಕ್ಕು ಕೆರೆದು, ಕಾರಿನಲ್ಲಿ ಕೂತು ಬ್ರೇಕ್ ಒತ್ತಿದೆ. ಹಿಂದೆ ನಿಂತ ಹೆಂಡತಿ ಕೇಳಿದಳು:

"ಶನಿವಾರ ವಾಲೈ ಮೀನಿನ ಸೀಸನ್ ಶುರುವಂತೆ. ಹಿಡಿದು ಏನ್ರೀ ಮಾಡ್ತೀರಿ?"

"ವಾಪಸ್ ನೀರಿಗೆ ಬಿಡ್ತೀನಿ."

"ಬ್ರೇಕ್ ಲೈಟ್ ಬರ್ತಿದೆ" ಎಂದು ಒಳಗೆ ಹೋದಳು.